ನಮ್ಮತ್ತೆಯ ಎರಡು ಒಲೆಗಳು

ನಮ್ಮತ್ತೆ ಲೀಲಾಬಾಯಿ ಊರಿನ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ಓಣಿಯಲ್ಲಿ ಯಾರ ಕೂಸು ಮೂಗು ಸುರಿಸಿಕೊಂಡು ನಿಂತಿದ್ದರೂ, ಯಾವ ಜಾತಿ ಎಂದು ಕೇಳದೆ, ತಮ್ಮ ಸೆರಗಿನಿಂದಲೇ ಒರೆಸುವರು. ಒರೆಸಿ, ಕೆನ್ನೆ ತಟ್ಟಿ, "ಮಗ್ಗಿ ಹೇಳು ನೋಡೋಣ" ಅನ್ನುವರು. ಆಮೇಲೆ ಮನೆಗೆ ಬಂದು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಆ ಸೀರೆಯನ್ನು ನೀರಿಗೆ ಹಾಕಿ ಸ್ನಾನ ಮಾಡುವರು. ಇವೆರಡರಲ್ಲಿ ಯಾವುದೂ ನಾಟಕವಲ್ಲ. ಎರಡೂ ನಿಜವಾಗಿ ಅವರೇ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ನಾನು ಧನಶ್ರೀ, ಆ ಮನೆಯ ಸೊಸೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಸಿಲಿಂಡರ್ ಗ್ಯಾಸಿನ ಅಡುಗೆ ಉಂಡು ಬೆಳೆದವಳು. ತೊಂಬತ್ತೇಳರಲ್ಲಿ ಮದುವೆಯಾಗಿ ಸುಲೇಪೇಟದ ಆಚೆ ಗುಡ್ಡದ ಬುಡದಲ್ಲಿರುವ ಈ ಊರಿಗೆ ಬಂದೆ. ಗಂಡ ಅಭಯ ಮಳಖೇಡದ ಸಿಮೆಂಟ್ ಕಾರ್ಖಾನೆಯ ಆಫೀಸಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಮಾವ ವಿಠ್ಠಲಾಚಾರ್ಯರು ಊರ ಹಣಮಂದೇವರ ಗುಡಿಯ ಪೂಜಾರಿ. ಊರವರ ಬಾಯಲ್ಲಿ ಅವರು ಆಚಾರ್ರು, ಅತ್ತೆ ಬಾಯಾರು. ಮದುವೆಗೆ ಮೊದಲು ಅಮ್ಮ ನನಗೆ ಈ ಮನೆಯ ಬಗ್ಗೆ ಹೇಳಿದ್ದು ಒಂದೇ ಮಾತು: "ಚಿಂತಿ ಬ್ಯಾಡ, ಅಲ್ಲೂ ಗ್ಯಾಸ್ ಅದ."

ಗ್ಯಾಸೇನೋ ಇತ್ತು. ಗೋಬರ್ ಗ್ಯಾಸು. ಹಿತ್ತಲಲ್ಲಿ ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಅದರ ಪಕ್ಕದಲ್ಲಿ ಸಗಣಿ ಕಲಸುವ ತೊಟ್ಟಿ, ಗುಮ್ಮಟದಿಂದ ಅಡುಗೆಮನೆಗೆ ಒಂದು ಸಣ್ಣ ಪೈಪು. ನೀಲಿ ಉರಿ, ಹೊಗೆ ಇಲ್ಲ, ಮಸಿ ಇಲ್ಲ. ನಾನು ಖುಷಿಯಿಂದ ಮೊದಲ ದಿನವೇ ಅದರ ಮೇಲೆ ಅನ್ನಕ್ಕೆ ಇಟ್ಟೆ. ಅತ್ತೆ ಬಂದವರು ಪಾತ್ರೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಹೇಳಿದರು: "ಇದು ಚಾದ ಒಲಿ ಧನಶ್ರೀ. ಅಡಿಗಿ ಒಳಗ."

ಒಳಗೆ ಇನ್ನೊಂದು ಅಡುಗೆಮನೆ ಇತ್ತು. ಕಿಟಕಿಯಿಲ್ಲದ ಕೋಣೆ, ಮಣ್ಣಿನ ಒಲೆ, ಕಟ್ಟಿಗೆ, ಊದುಕೊಳವೆ. ಸ್ನಾನ ಮಾಡಿ ಮಡಿಸೀರೆ ಉಟ್ಟು ಅಲ್ಲಿ ಅಡುಗೆಯಾಗಬೇಕು, ಅದು ದೇವರಿಗೆ ನೈವೇದ್ಯವಾಗಬೇಕು, ಆಮೇಲೆ ಉಳಿದವರಿಗೆ ಊಟ. ಅಂದರೆ ಹೊರಗಿನ ಒಲೆ ನೆಂಟರಿಗೆ ತೋರಿಸಲು, ಚಿಂಚೋಳಿಯಿಂದ ಬಂದ ಸಾಹೇಬರಿಗೆ ಚಹಾ ಮಾಡಲು, ಮತ್ತೆ ಸ್ನಾನದ ನೀರಿಗೆ. ನನಗೆ ಸಿಟ್ಟು ಬಂತು. ಗ್ಯಾಸ್ ಇದ್ದ ಮನೆಗೆ ಕೊಟ್ಟೆವು ಅಂದರಲ್ಲ, ಬರೇ ನೋಡಲು ಕೊಟ್ಟರೇ ಎಂದು ತವರಿಗೆ ಹೋದಾಗ ಅಮ್ಮನ ಜೊತೆ ಜಗಳ ಆಡಿದೆ.

ಆದರೆ ಊರಲ್ಲಿ ನಮ್ಮತ್ತೆಯ ಹೆಸರೇ ಗೋಬರ್ ಗ್ಯಾಸಿನ ಬಾಯಾರು. ಅದು ನಾನು ಬರುವ ಮೊದಲಿನ ಕತೆ, ಓಣಿಯವರೇ ನನಗೆ ಹೇಳಿದ್ದು. ಪಕ್ಕದ ಓಣಿಯಲ್ಲಿ ಹಣಮಮ್ಮ ಅಂತ ಒಬ್ಬ ಒಕ್ಕಲಗಿತ್ತಿ. ಎರಡು ಎಮ್ಮೆ, ಒಂದು ಜೋಡಿ ಎತ್ತು, ಸ್ವಲ್ಪ ತೊಗರಿ ಹೊಲ. ಹೊಗೆಯಲ್ಲಿ ರೊಟ್ಟಿ ಬಡಿದು ಬಡಿದು ಅವಳ ಕಣ್ಣು ಯಾವಾಗಲೂ ಕೆಂಪಗೆ ಸೋರುತ್ತಿದ್ದವು. ಅವಳ ಅತ್ತೆ ಹಾಗೆಯೇ ಕಣ್ಣು ಕಳೆದುಕೊಂಡು ಗೋಡೆ ಹಿಡಿದು ಓಡಾಡಿ ಸತ್ತವಳು. ತೊಂಬತ್ಮೂರರ ಸುಮಾರಿಗೆ ತಾಲೂಕಿನಿಂದ ಗೋಬರ್ ಗ್ಯಾಸಿನ ಯೋಜನೆ ಬಂದಾಗ ಊರ ಗಂಡಸರು ನಕ್ಕರು. ನಮ್ಮತ್ತೆ ನಗಲಿಲ್ಲ. ಮೊದಲು ತಮ್ಮ ಹಿತ್ತಲಲ್ಲೇ ಗುಮ್ಮಟ ಕಟ್ಟಿಸಿದರು. ಕಟ್ಟಿದವನು ಮೌಲಾಲಿ, ನಮ್ಮೂರ ಗೌಂಡಿ.

ಒಂದೆರಡು ದನ ಇದ್ದವರ ಸಗಣಿ ಸಾಲುವುದಿಲ್ಲ, ಆದ್ದರಿಂದ ಸಂಡಾಸವನ್ನೂ ಅದೇ ಗುಮ್ಮಟಕ್ಕೆ ಜೋಡಿಸಿ, ಗ್ಯಾಸು ಹೆಚ್ಚು ಬರುತ್ತದೆ, ಊರೂ ಸ್ವಚ್ಛವಾಗುತ್ತದೆ ಎಂದು ಸಾಹೇಬರು ಹೇಳಿದ್ದರು. ಇಲ್ಲಿ ಹೆಂಗಸರು ಮೂಗು ಮುರಿದರು. ಥೂ, ಅದರ ಮೇಲೆ ರೊಟ್ಟಿಯೇ? ನಮ್ಮತ್ತೆ ಮನೆಮನೆಗೆ ಹೋಗಿ ಹೇಳಿದರು: "ಗುಮ್ಮಟದಾಗಿಂದ ಬರೋದು ಗಾಳಿ. ಉರಿಯೋದು ಬೆಂಕಿ. ಬೆಂಕಿಗೆ ಎಲ್ಲಿ ಮೈಲಿಗಿ ಅದ ಹೇಳ್ರಿ?" ಬ್ರಾಹ್ಮಣರ ಬಾಯಾರೇ ಹೀಗೆ ಅಂದ ಮೇಲೆ ಇನ್ನೇನು? ಹಣಮಮ್ಮ ಒಪ್ಪಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಇಡೀ ಓಣಿ ಒಪ್ಪಿತು. ಹಣಮಮ್ಮನ ಕಣ್ಣಿನ ಕೆಂಪು ಒಂದು ವರ್ಷದಲ್ಲಿ ಇಳಿಯಿತಂತೆ.

ಊರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು, ಅದನ್ನು ನನಗೆ ಹೇಳಿದ್ದು ಅಭಯ. ನಮ್ಮ ಗುಮ್ಮಟಕ್ಕೂ ಸಂಡಾಸದ ಪೈಪು ಜೋಡಿಸಿದ್ದು ನಿಜ. ಆದರೆ ಜೋಡಿಸಿದ ದಿನದಿಂದ ಮಾವನವರು ಊಟಕ್ಕೆ ಕೂರಲಿಲ್ಲ. ಬಯ್ಯಲಿಲ್ಲ, ಕೂಗಲಿಲ್ಲ. ಎಲೆ ಹಾಕಿದರೆ "ಹಸಿವಿಲ್ಲ" ಅಂತ ಎದ್ದು ಗುಡಿಗೆ ಹೋಗುವರು. ಜಗಳಾಡುವ ಗಂಡನನ್ನಾದರೂ ಗೆಲ್ಲಬಹುದು, ಉಪವಾಸ ಮಾಡುವವನನ್ನು ಏನು ಮಾಡುವುದು? ವಾರ ತುಂಬುವ ಮೊದಲೇ, ಊರವರೆಲ್ಲ ಹೊಲಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಮೌಲಾಲಿಯನ್ನು ಕರೆಸಿ ಆ ಪೈಪಿಗೆ ಇಟ್ಟಿಗೆ ಸಿಮೆಂಟು ಹಾಕಿಸಿ ಮುಚ್ಚಿಸಿದರು, ಸಂಡಾಸಕ್ಕೆ ಬೇರೆ ಗುಂಡಿ ತೋಡಿಸಿದರು. ಆದರೂ ಒಮ್ಮೆ ಕೆಟ್ಟ ಗುಮ್ಮಟ ಕೆಟ್ಟದ್ದೇ ಎಂದು ಮಾವನವರು ಹಟ ಹಿಡಿದರು, ನೈವೇದ್ಯದ ಅಡುಗೆ ಕಟ್ಟಿಗೆ ಒಲೆಗೇ ಉಳಿಯಿತು. ಮೌಲಾಲಿ ಯಾರಿಗೂ ಬಾಯಿ ಬಿಡಲಿಲ್ಲ. ನಮ್ಮತ್ತೆಯೂ ಬಿಡಲಿಲ್ಲ. ಕೇಳಿದವರಿಗೆ ಸುಳ್ಳು ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಬಾಯಾರ ಮನೆಯಲ್ಲೂ ನಮ್ಮ ಹಾಗೆಯೇ ಎಂದು ಊರು ತಾನೇ ತಿಳಿದುಕೊಂಡಿತು.

ಕೇಳುವ ದಿನ ಬಂದದ್ದು ನಾನು ಬಂದ ಮರುವರ್ಷ. ಹಣಮಮ್ಮನ ಮಗಳು ದಾನಮ್ಮನಿಗೆ ದಂಡೋತಿಯ ಸಂಬಂಧ ಕೂಡಿಬಂದಿತ್ತು. ನಿಶ್ಚಯದ ದಿನ ಬೀಗರು ಬಂದು, ತಾಂಬೂಲ ಆಗಿ, ಹೋಳಿಗೆ ಊಟಕ್ಕೆ ಪಂಕ್ತಿ ಕೂತಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗನ ದೊಡ್ಡಪ್ಪನ ಕಿವಿಯಲ್ಲಿ ಈ ಹೋಳಿಗೆ ಬೆಂದದ್ದು ಸಂಡಾಸದ ಗ್ಯಾಸಿನ ಮೇಲೆ ಎಂದು ಊದಿದರು. ದೊಡ್ಡಪ್ಪ ತಾಟು ಮುಂದಕ್ಕೆ ಸರಿಸಿ ಎದ್ದು ನಿಂತ. ಪಂಕ್ತಿಗೆ ಪಂಕ್ತಿಯೇ ಎದ್ದಿತು.

ಹಣಮಮ್ಮ ಓಡುತ್ತ ನಮ್ಮ ಮನೆಗೆ ಬಂದಳು, ಹಿಂದೆ ಆ ದೊಡ್ಡಪ್ಪ, ಅವನ ಹಿಂದೆ ಇನ್ನೂ ನಾಲ್ಕು ಜನ. ನಾನು ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಹಣಮಮ್ಮನ ಕೈಗೆ ಇನ್ನೂ ಹೂರಣ ಅಂಟಿತ್ತು.

"ಬಾಯಾರ, ನೀವೇ ಹೇಳ್ರಿ ಇವರಿಗಿ. ನಿಮ್ಮ ಮನ್ಯಾಗೂ ಇದೇ ಗ್ಯಾಸ್ ಅದೋ ಇಲ್ಲೋ? ಇದರ ಮ್ಯಾಲೇ ಅಡಗಿ ಮಾಡ್ತೀರೋ ಇಲ್ಲೋ?"

ದೊಡ್ಡಪ್ಪ ಕೈಮುಗಿದು ಹೇಳಿದ: "ನೀವು ದೇವರ ಪೂಜಿ ಮಾಡೋ ಮಂದಿ. ನಿಮ್ಮ ಮಾತಿಗಿ ನಾವು ಎರಡು ಮಾತಾಡಂಗಿಲ್ರಿ. ದೇವರ ನೈವೇದ್ಯನೂ ಇದರ ಮ್ಯಾಲೇ ಆಗ್ತದೇನ್ರಿ?"

ಅತ್ತೆ ಒಮ್ಮೆ ಹಣಮಮ್ಮನ ಮುಖ ನೋಡಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಹೌದ್ರಿ," ಅಂದರು. "ನೈವೇದ್ಯ ಸೈತ ಅದರ ಮ್ಯಾಲೇ. ಹೋಗಿ ಊಟ ಮಾಡ್ರಿ, ಹೆಣ್ಣಿನ ಮನಿಯವರನ್ನ ಹಿಂಗ ಅಳಸಬ್ಯಾಡ್ರಿ."

ಅವರು ಹೋದರು, ಉಂಡರು. ದಾನಮ್ಮನ ಮದುವೆ ಆಯಿತು. ಅತ್ತೆ ಒಳಗೆ ಬಂದು ಕಟ್ಟಿಗೆ ಒಲೆಯ ಮುಂದೆ ಕೂತರು. ಬೆಂಕಿ ಆರುತ್ತಿದ್ದರೂ ಊದಲಿಲ್ಲ. ಒಂದು ಹುಡುಗಿಯ ಮದುವೆ ಉಳಿಸಿದ ಸುಳ್ಳು ಅದು. ಆದರೆ ಅಂದಿನಿಂದ ಹಣಮಮ್ಮನಿಗೆ ಆ ಮಾತು ದೊಡ್ಡ ಬಲವಾಯಿತು. ಯಾರೇ ಗ್ಯಾಸಿನ ಬಗ್ಗೆ ತುಟಿ ಕೊಂಕಿಸಿದರೂ "ನಮ್ಮ ಬಾಯಾರು ಹಣಮಂದೇವರ ನೈವೇದ್ಯನೇ ಮಾಡ್ತಾರ, ನೀ ಯಾವ ದೊಡ್ಡ ಮನಷ್ಯಾ" ಎಂದು ಬಾಯಿ ಮುಚ್ಚಿಸುವಳು. ಅವಳು ಹಾಗೆ ಅನ್ನುವುದು ಕಿವಿಗೆ ಬಿದ್ದಾಗಲೆಲ್ಲ ಅತ್ತೆ ಸೆರಗು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು.

ಹೀಗೇ ವರ್ಷಗಳು ಹೋದವು. ಅತ್ತೆ ನಿವೃತ್ತರಾದರು. ಎರಡು ಸಾವಿರದ ನಾಲ್ಕರಲ್ಲೋ ಐದರಲ್ಲೋ ಗುಡ್ಡದ ಮೇಲೆ ಒಂದು ಉದ್ದನೆಯ ಕಂಬ ಬಂದು ನಿಂತಿತು. ತುದಿಯಲ್ಲಿ ಮೂರು ಬಟ್ಟಲು, ಗರಗರ ತಿರುಗುವವು. ಗಾಳಿ ಅಳೆಯುತ್ತಾರೆ ಎಂದರು. ಗಾಳಿ ಅಳೆಯುವುದು ನಮ್ಮೂರಿಗೆ ಹೊಸದು, ಮಂದಿ ಕೆಲಸ ಬಿಟ್ಟು ಹೋಗಿ ನೋಡಿ ಬಂದರು. ವರ್ಷದ ನಂತರ ಹೈದರಾಬಾದ್ ಕಡೆಯ ಒಂದು ಕಂಪನಿಯ ಸಾಹೇಬರು ಬಂದು, ಇಲ್ಲಿ ಗಾಳಿ ಚಲೋ ಇದೆ, ಗುಡ್ಡದ ಮೇಲೆ ದೊಡ್ಡ ಪಂಖಾಗಳನ್ನು ನಿಲ್ಲಿಸಿ ಕರೆಂಟು ಮಾಡುತ್ತೇವೆ, ಪಂಚಾಯತಿಯವರು ಒಪ್ಪಿಗೆ ಕೊಡಬೇಕು ಎಂದರು. ಗುಡ್ಡವೆಂದರೆ ನಮ್ಮೂರ ಗಾಯರಾಣ. ಯಾರ ಪಟ್ಟಾ ಜಮೀನೂ ಅಲ್ಲ, ಇಡೀ ಊರ ದನ, ಕುರಿ ಮೇಯುವ ಜಾಗ.

ಊರು ಎರಡಾಯಿತು. ಪಂಚಾಯತಿ ಮೆಂಬರ್ ಸಂಗಣ್ಣ ಪಂಖಾದ ಪರ. ಅವನು ಕೆಟ್ಟವನಲ್ಲ, ಅವನ ಮಾತಿನಲ್ಲಿ ಹುರುಳಿತ್ತು. ಗುಡ್ಡಕ್ಕೆ ಡಾಂಬರ್ ರಸ್ತೆಯಾಗುತ್ತದೆ, ಒಂದಷ್ಟು ಹುಡುಗರಿಗೆ ವಾಚಮನ್ ಕೆಲಸ ಸಿಗುತ್ತದೆ, ಸುಮ್ಮನೆ ಹಾರಿಹೋಗುವ ಗಾಳಿಗೆ ಯಾರು ಅಪ್ಪ ಅಂತ ಕೇಳುತ್ತಿದ್ದ. ಕುರಿ ಕಾಯುವ ಪೀರಪ್ಪ ವಿರೋಧ. ಪಂಖಾ ಬಂದರೆ ತಂತಿಬೇಲಿ ಬರುತ್ತದೆ, ಕುರಿಯನ್ನು ತಲೆಯ ಮೇಲೆ ಹೊತ್ತು ತಿರುಗಲೇ ಎಂದು ಚಾದ ಅಂಗಡಿಯ ಮುಂದೆ ದಿನಾ ಕೂಗಾಡುತ್ತಿದ್ದ. ಆದರೆ ಪೀರಪ್ಪನ ಕೂಗಾಟಕ್ಕೆ ಯಾರು ಕಿವಿ ಕೊಡುತ್ತಾರೆ? ಅವನೂ ಅವನ ಜೊತೆಯವರೂ ನಮ್ಮತ್ತೆಯ ಹತ್ತಿರ ಬಂದರು.

ಅತ್ತೆ ಅರವತ್ತು ದಾಟಿದ್ದರು. ಮೊಣಕಾಲು ನೋವು. ಆದರೂ ಕೇಳಿದ ಕೂಡಲೇ ಮುಖ ಅರಳಿತು. ಎಷ್ಟೋ ದಿನದ ಮೇಲೆ ಶಾಲೆಯ ಗಂಟೆ ಕೇಳಿದವರ ಹಾಗೆ ಎದ್ದು ಕೂತರು. ಮತ್ತೆ ಮನೆಮನೆ ತಿರುಗಿದರು. ನಾನು ಬೈದೆ. "ಅತ್ಯಾ, ಊರ ಉಸಾಬರಿ ನಿಮಗ್ಯಾಕ್ರಿ? ಕಾಲಿಗೆ ಎಣ್ಣಿ ತಿಕ್ಕಿಸಿಕೊಂಡು ಕುಂದ್ರಿ." ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದರು: "ಗಾಯರಾಣ ಹೋದ್ರ ದನ ಹೋಗ್ತಾವ, ದನ ಹೋದ್ರ ಶಗಣಿ ಹೋಗ್ತದ. ಮತ್ತ ಹಣಮವ್ವ ಹೊಗಿ ಕುಡ್ಕೋತ ಕೂಡಬೇಕೇನು?"

ಗ್ರಾಮಸಭೆ ಗುಡಿಯ ಮುಂದಿನ ಕಟ್ಟೆಯಲ್ಲಿ ನಡೆಯಿತು. ಬೇಸಿಗೆ, ಇಳಿಹೊತ್ತು, ನೆಲಕ್ಕೆ ಹಾಸಿದ ಪರಶಿಕಲ್ಲು ಇನ್ನೂ ಕಾದಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ನೆರಳಲ್ಲಿ. ಕಂಪನಿಯ ಸಾಹೇಬ ಇನ್ನೂ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಪಂಖಾ ನಿಲ್ಲುವುದಕ್ಕೆ ಸ್ವಲ್ಪವೇ ಜಾಗ ಸಾಕು, ಉಳಿದ ಕಡೆ ದನ ಮೇಯಬಹುದು, ಕಲ್ಲಿದ್ದಲಿನ ಹೊಗೆಗಿಂತ ಇದು ಒಳ್ಳೆಯದಲ್ಲವೇ ಎಂದ. ಸೇಡಂ, ಶಹಾಬಾದ್ ಕಡೆ ಧೂಳು ಕುಡಿದು ಬಂದವರಿಗೆ ಆ ಮಾತು ಸರಿ ಎನಿಸಿತು, ನನಗೂ ಎನಿಸಿತು.

ನಮ್ಮತ್ತೆ ಎದ್ದರು. ಮೈಕ್ ಬೇಡ ಎಂದರು. ಶಾಲೆಯಲ್ಲಿ ಪಳಗಿದ ಗಂಟಲು ಅದು.

"ಸಾಹೇಬರ, ನಿಮ್ಮ ಪಂಖಾ ಕೆಟ್ಟದ್ದು ಅಂತ ನಾ ಅನ್ನೋದಿಲ್ರಿ. ಆದ್ರ ಕರೆಂಟು ತಂತಿ ಹಿಡಕೊಂಡು ಎಲ್ಲಿಗೆ ಹೋಗ್ತದ? ನಮ್ಮೂರ ದೀಪಕ್ಕ ಬರ್ತದೇನು?"

"ಗ್ರಿಡ್ಡಿಗೆ ಹೋಗ್ತದೆ ಅಮ್ಮಾ," ಅಂದ ಸಾಹೇಬ, ಪ್ರಾಮಾಣಿಕವಾಗಿ. "ನಿಮ್ಮೂರಿಗೆ ಅಂತ ಬೇರೆ ಕೊಡೋದು ನಮ್ಮ ಕೈಯಲ್ಲಿಲ್ಲ."

"ಹಂಗಾದ್ರ ಗುಡ್ಡ ನಮ್ಮದು, ಗಾಳಿ ನಮ್ಮದು, ಕತ್ತಲೀನೂ ನಮ್ಮದೇ?" ಹೆಂಗಸರು ನಕ್ಕರು. ಅತ್ತೆ ಕೈ ಎತ್ತಿ ಸುಮ್ಮನಾಗಿಸಿದರು. "ನಾವು ಕೇಳೋಣು. ಓಣಿ ದೀಪಕ್ಕ ಸೋಲಾರ್ ಕೊಡ್ರಿ ಅಂತ ಸರಕಾರಕ್ಕ ಕೇಳೋಣು. ಉಳಿದ ಮನಿಗೆಲ್ಲ ಗೋಬರ್ ಗ್ಯಾಸ್ ಕೇಳೋಣು. ಗುಡ್ಡ ಇದ್ರ ದನ, ದನ ಇದ್ರ ಗ್ಯಾಸ್. ನಮ್ಮ ಒಲಿ ನಮ್ಮ ಕೈಯಾಗೇ ಇರ್ತದ."

ಜನ ತಲೆಯಾಡಿಸಿದರು. ಪೀರಪ್ಪ ಟವೆಲ್ ಬೀಸಿದ. ನನಗೆ ನಮ್ಮತ್ತೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ ನಾನೂ ಮೈಮರೆತು ಚಪ್ಪಾಳೆ ತಟ್ಟಿದೆ.

ಸಂಗಣ್ಣ ಎದ್ದ. ಸೋಲುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗಿತ್ತು. "ಬಾಯಾರ, ನೀವು ದೊಡ್ಡವರು. ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಂಡಾಸದ ಗ್ಯಾಸಿನ ಮ್ಯಾಲ ಊರೆಲ್ಲ ಅಡಗಿ ಮಾಡ್ರಿ ಅಂತೀರಿ. ಸುತ್ತ ಹಳ್ಳಿ ಮಂದಿ ನಮಗ ನಗಾಕತ್ತಾರ. ನಮ್ಮ ಊರಾಗ ಉಣ್ಣಾಕ ಹೇಸ್ತಾರ."

ಅತ್ತೆ ಉತ್ತರ ಕೊಡುವ ಮೊದಲೇ ಹಣಮಮ್ಮ ಎದ್ದು ನಿಂತಳು. ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಯಾರು ಹೇಸ್ತಾರೋ ಸಂಗಣ್ಣಾ? ಇದೇ ಗುಡ್ಯಾಗಿನ ಹಣಮಂದೇವ್ರು ಅದೇ ಗ್ಯಾಸಿನ ನೈವೇದ್ಯ ಉಣ್ಣಾಕತ್ತಾನ, ಅವ ಹೇಸಿಲ್ಲ, ನೀ ಹೇಸ್ತಿ? ನಮ್ಮ ದಾನಿ ನಿಶ್ಚಯದಾಗ ಬೀಗರ ಮುಂದ ಬಾಯಾರು ತಮ್ಮ ಬಾಯಲೇ ಹೇಳ್ಯಾರ. ಅವರ ಸಂಡಾಸೂ ಗುಮ್ಮಟಕ್ಕೇ ಅದ, ನಂದೂ ಗುಮ್ಮಟಕ್ಕೇ ಅದ. ದೇವರು ಉಂಡಿದ್ದು ನಿನಗ ಕಮ್ಮಿ ಆಯ್ತೇನು?"

ಹೆಂಗಸರ ಕಡೆಯಿಂದ ಹೋ ಎಂದು ದನಿ ಎದ್ದಿತು. ಸಂಗಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ಗದ್ದಲದಲ್ಲೇ ಗುಡಿಯೊಳಗಿನಿಂದ ಮಾವನವರು ಹೊರಗೆ ಬಂದರು.

ಅವರು ಸಂಜೆಯ ಪೂಜೆಗೆ ಸಿದ್ಧಮಾಡುತ್ತಿದ್ದರು, ಕೈಯಲ್ಲಿ ತುಳಸಿಯ ತಟ್ಟೆ ಇತ್ತು. ಊರಿನ ಮಾತಿಗೆ ಎಂದೂ ಬಾರದ ಮನುಷ್ಯ. ಹೆಂಡತಿ ದಾನಮ್ಮನ ಬೀಗರಿಗೆ ಏನು ಹೇಳಿದ್ದರು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಇಡೀ ಊರ ಮುಂದೆ, ತಮ್ಮ ದೇವರಿಗೆ ತಾವು ಸಂಡಾಸದ ಗ್ಯಾಸಿನ ನೈವೇದ್ಯ ಉಣಿಸಿದೆವು ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು.

"ರಾಮ ರಾಮ! ಏನು ಮಾತಾಡ್ಲಿಕತ್ತಿ ಹಣಮವ್ವಾ? ಯಾರು ಹೇಳಿದ್ರು ನಿನಗ? ಆ ಪೈಪು ಜೋಡಿಸಿದ ವಾರದಾಗೇ ಮುಚ್ಚಿಸೀವಿ, ಬೇಕಾದ್ರ ಮೌಲಾಲಿಗೆ ಕೇಳ್ರಿ. ನಮ್ಮ ಮನ್ಯಾಗ ದೇವರ ಅಡಿಗಿ ಇವತ್ತಿಗೂ ಕಟ್ಟಿಗಿ ಒಲಿ ಮ್ಯಾಲೇ. ನಾವು ಉಣ್ಣೋದೂ ಅದೇ. ಒಂದು ದಿನ, ಒಂದೇ ಒಂದು ದಿನ ಮಡಿ ತಪ್ಪಿಲ್ಲ!"

ಹೇಳಿ, ಎದೆ ಉಬ್ಬಿಸಿ ಸುತ್ತ ನೋಡಿದರು. ಮನೆತನದ ಮಾನ ಉಳಿಸಿದೆ ಎಂಬ ಸಮಾಧಾನ ಆ ಮುಖದ ಮೇಲಿತ್ತು. ನನಗೆ ಅವರನ್ನು ಕೂಗಿ ಸುಮ್ಮನಾಗಿಸಬೇಕು ಎನಿಸಿತು, ಕಾಲು ಹಿಡಿದು ಬೇಡಬೇಕು ಎನಿಸಿತು. ಆದರೆ ಹೇಳುವುದೆಲ್ಲ ಹೇಳಿ ಮುಗಿದಿತ್ತು.

ಜನ ಮೌಲಾಲಿಯ ಕಡೆ ತಿರುಗಿದರು. ಮೌಲಾಲಿ ತಲೆ ಎತ್ತಲಿಲ್ಲ. ಪಂಚಾಯತಿ ಅಧ್ಯಕ್ಷರು ಒಳ್ಳೆಯವರು, ದಾರಿ ಮಾಡಿಕೊಡಲು ನೋಡಿದರು. "ಆಚಾರ್ರಿಗೆ ವಯಸ್ಸಾಗ್ಯದ, ಏನೋ ಅಂತಾರ. ಬಿಡ್ರಿ, ಮುಂದಿನ ಮಾತು ತೆಗೀರಿ." ಅತ್ತೆ ಸುಮ್ಮನೆ ಇದ್ದಿದ್ದರೂ ಸಾಕಿತ್ತು. ಊರು ಆ ಮಾತನ್ನು ನುಂಗಿಕೊಳ್ಳುತ್ತಿತ್ತು, ಗುಡ್ಡವೂ ಉಳಿಯುತ್ತಿತ್ತು.

ಹಣಮಮ್ಮ ಇನ್ನೂ ನಿಂತೇ ಇದ್ದಳು. "ಬಾಯಾರ," ಅಂದಳು. "ಆಚಾರ್ರು ಏನೇನೋ ಅನ್ನಾಕತ್ತಾರ. ಅಲ್ಲ ಅಂತ ಹೇಳ್ರಿ."

ಅತ್ತೆಯ ಕತ್ತು, ಕಿವಿ ಎಲ್ಲ ಕೆಂಪಾಗಿತ್ತು. ಅಷ್ಟು ವರ್ಷ ಮಕ್ಕಳಿಗೆ ತಲೆ ಎತ್ತಿ ಮಾತಾಡು ಎಂದು ಕಲಿಸಿದವರು ನೆಲ ನೋಡಿಕೊಂಡು ಹೇಳಿದರು.

"ಅವರು ಹೇಳಿದ್ದು ಖರೇ ಅದ ಹಣಮವ್ವ. ನಾ ನಿನಗ ಸುಳ್ಳು ಹೇಳೀನಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹಣಮಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಮೆಲ್ಲಗೆ ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಳು.

"ಹಂಗಾದ್ರ ಇಷ್ಟ ವರ್ಷ ನಾವು ಉಂಡಿದ್ದು ಏನ್ರಿ ಬಾಯಾರ?"

ಬೆಂಕಿಗೆ ಮೈಲಿಗೆಯಿಲ್ಲ ಎಂಬುದು ಆ ಹೊತ್ತಿನಲ್ಲೂ ನಿಜವೇ ಆಗಿತ್ತು. ಆದರೆ ಅದನ್ನು ಹೇಳುವ ಬಾಯಿ ನಮ್ಮತ್ತೆಯದಾಗಿ ಉಳಿದಿರಲಿಲ್ಲ. ಕೈ ಎತ್ತಿಸಿದಾಗ ಹೆಂಗಸರು ಬಹಳ ಮಂದಿ ಎದ್ದು ಹೋಗಿಬಿಟ್ಟಿದ್ದರು. ಪಂಖಾಗಳಿಗೆ ಒಪ್ಪಿಗೆ ಸಿಕ್ಕಿತು. ಸಂಗಣ್ಣ ಗೆದ್ದ ಖುಷಿಯನ್ನು ತೋರಿಸಲಿಲ್ಲ, ನಮ್ಮ ಮುಂದೆ ಹಾದುಹೋಗುವಾಗ ಬೇರೆ ಕಡೆ ನೋಡಿಕೊಂಡು ಹೋದ. ಪೀರಪ್ಪ ಮಾತ್ರ ಕಟ್ಟೆಯ ಮೇಲೆ ಹಾಗೇ ಕೂತಿದ್ದ.

ಮನೆಗೆ ಬರುವ ದಾರಿಯಲ್ಲಿ ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಮಾವನವರು ಮಾತ್ರ ಅಂದು ಹೊಟ್ಟೆ ತುಂಬ ಉಂಡರು. "ನಾ ಇದ್ದದ್ದಕ್ಕ ಆಯ್ತು, ಇಲ್ಲಂದ್ರ ಊರಾಗ ಎಂಥಾ ಹೆಸರು ಬರ್ತಿತ್ತು!" ಅಂದರು. ಅತ್ತೆ ಅವರಿಗೆ ಬಡಿಸಿದರು. ನನಗೆ ಆ ಮುದುಕನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲವಲ್ಲ.

ಆಮೇಲೆ ಓಣಿಯಲ್ಲಿ ಒಂದೊಂದೇ ಗ್ಯಾಸಿನ ಒಲೆ ಅಟ್ಟ ಸೇರಿತು. ಯಾರೂ ನಮ್ಮ ಮನೆಗೆ ಬಂದು ಬೈಯಲಿಲ್ಲ. ಬಾಯಾರಿಗೇ ಬೇಡವಾದದ್ದು ನಮಗ್ಯಾಕೆ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು ಅಷ್ಟೆ. ಸುದ್ದಿ ದಂಡೋತಿಗೂ ಮುಟ್ಟಿತು. ದಾನಮ್ಮನ ಅತ್ತೆ ಸೊಸೆಗೆ ತವರಿನಿಂದ ತಂದ ಬುತ್ತಿ ಎಮ್ಮೆಗೆ ಹಾಕು ಎಂದಳಂತೆ. ಮಕ್ಕಳ ತಾಯಿಯಾಗಿದ್ದ ದಾನಮ್ಮ ಅದನ್ನು ಅಳುತ್ತ ಹಾಕಿದಳಂತೆ. ಬೆಳಗಾದರೆ ಹಂಚಿನ ಸಂದಿಗಳಿಂದ ಹೊಗೆ ಏಳುವುದು ನಮ್ಮ ಅಂಗಳಕ್ಕೆ ಕಾಣುತ್ತಿತ್ತು. ಅತ್ತೆ ಅಂಗಳಕ್ಕೆ ಬರುವುದನ್ನೇ ಬಿಟ್ಟರು.

ಒಂದು ದಿನ ಮೌಲಾಲಿಯನ್ನು ಕರೆಸಿ ಆ ಪೈಪಿನ ಇಟ್ಟಿಗೆ ಒಡೆಸಿದರು, ಮತ್ತೆ ಗುಮ್ಮಟಕ್ಕೆ ಜೋಡಿಸಿದರು. ಒಳಗಿನ ಮಣ್ಣಿನ ಒಲೆಯನ್ನು ಕೈಯಾರೆ ಕೆಡವಿ, ಎಲ್ಲ ಅಡುಗೆಯನ್ನೂ ಗ್ಯಾಸಿನ ಮೇಲೆ ಶುರು ಮಾಡಿದರು. ಮಾವನವರು ಒಂದು ಇದ್ದಿಲ ಶೆಗಡಿ ತಗೊಂಡು ಗುಡಿಯಲ್ಲೇ ಅನ್ನ ಮಾಡಿಕೊಂಡು ಉಣ್ಣತೊಡಗಿದರು. ಈ ಸಲ ಅತ್ತೆ ಬಗ್ಗಲಿಲ್ಲ. ನನಗೆ ತಡೆಯಲಾಗಲಿಲ್ಲ. "ಈಗ ಯಾರಿಗೆ ತೋರಸ್ಲಿಕ್ಕ ಅತ್ಯಾ?" ಅಂದುಬಿಟ್ಟೆ. ಅವರು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ, "ಯಾರಿಗೂ ಅಲ್ಲ," ಅಂದರು. ನಾನು ಹಾಗೆ ಕೇಳಬಾರದಿತ್ತು ಎನಿಸಿತು.

ಮಳೆಗಾಲ ಕಳೆದಿತ್ತು. ಗುಡ್ಡಕ್ಕೆ ರಸ್ತೆ ಅಗೆಯುವ ಯಂತ್ರಗಳು ಬಂದಿದ್ದವು. ಒಂದು ಮಧ್ಯಾಹ್ನ ಅತ್ತೆ "ಬಾ, ಹಣಮವ್ವನ ಮನಿಗೆ ಹೋಗೋಣು" ಎಂದರು. ಊಟದ ಹೊತ್ತು. ಅವರು ಏನೂ ಉಂಡಿರಲಿಲ್ಲ. ಯಾಕೆ ಹೊರಟಿದ್ದಾರೆ ಎಂದು ನನಗೆ ದಾರಿಯಲ್ಲೇ ಗೊತ್ತಾಯಿತು. ಹುಟ್ಟಿದಂದಿನಿಂದ ಬೇರೆ ಜಾತಿಯವರ ಮನೆಯ ಬೆಂದ ಅಡುಗೆ ಮುಟ್ಟಿದವರಲ್ಲ ನಮ್ಮತ್ತೆ.

ಹಣಮಮ್ಮ ಅಂಗಳದಲ್ಲಿ ಮೂರು ಕಲ್ಲಿಟ್ಟು ತೊಗರಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಮತ್ತೆ ಕೆಂಪಾಗಿ ಸೋರುತ್ತಿದ್ದವು. ನಮ್ಮನ್ನು ಕಂಡು ಎದ್ದಳು. ಕಂಬಳಿ ಝಾಡಿಸಿ ಹಾಸಿದಳು. "ಬರ್ರಿ ಬಾಯಾರ, ಕುಂದ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅತ್ತೆ ಕೂತರು. "ಹಣಮವ್ವ, ಹಸಿವಾಗ್ಯದ. ಒಂದು ರೊಟ್ಟಿ ಕೊಡು," ಅಂದರು.

ಬುಟ್ಟಿಯಲ್ಲಿ ಬಿಸಿ ರೊಟ್ಟಿಗಳಿದ್ದವು, ಪಕ್ಕದಲ್ಲಿ ಪುಂಡಿಪಲ್ಯದ ಗಡಿಗೆ. ಹಣಮಮ್ಮ ಒಮ್ಮೆ ಬುಟ್ಟಿಯನ್ನು ನೋಡಿದಳು, ಒಮ್ಮೆ ಅತ್ತೆಯನ್ನು. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಮೊರ ಇತ್ತು. ಮೊರದಲ್ಲಿ ಜೋಳದ ಹಿಟ್ಟು, ತೊಗರಿಬೇಳೆ, ಒಂದು ತುಂಡು ಬೆಲ್ಲ, ನಾಲ್ಕು ಹಸಿ ಮೆಣಸಿನಕಾಯಿ. ನಮ್ಮ ಕಡೆ ಒಕ್ಕಲುಮನೆಗೆ ಬ್ರಾಹ್ಮಣರು ಬಂದರೆ ಹೀಗೆ ಬೇಯಿಸದ ಸಾಮಾನು ಕೊಡುತ್ತಾರೆ. ಶಿಧಾ ಎನ್ನುತ್ತಾರೆ. ತಮ್ಮ ಅಡುಗೆ ಅವರಿಗೆ ನಡೆಯುವುದಿಲ್ಲ ಎಂದು ಗೊತ್ತಿದ್ದವರು ಮರ್ಯಾದೆಯಿಂದ ಕೊಡುವುದು ಅದು.

"ನಾ ನಿನ್ನ ಕೈಲಿಂದೇ ಉಣ್ಣಬೇಕಂತ ಬಂದೀನಿ ಹಣಮವ್ವ," ಅಂದರು ಅತ್ತೆ.

"ಗೊತ್ತಾಗ್ಯದ್ರಿ. ಆದ್ರ ನೀವು ಉಂಡ್ರೂ ನನಗ ಖರೇ ಅನಸಂಗಿಲ್ರಿ ಬಾಯಾರ. ಮನ್ಯಾಗ ಮಾಡಿಕೊಂಡು ಉಣ್ರಿ."

ಬೇಡ ಎನ್ನುವ ಹಾಗಿರಲಿಲ್ಲ, ಬೇಡವೆಂದರೆ ಅದೂ ಅವಮಾನವೇ. ನಮ್ಮತ್ತೆ ಸೆರಗು ಒಡ್ಡಿ ಹಿಟ್ಟು, ಬೇಳೆ, ಬೆಲ್ಲ ಎಲ್ಲ ಹಾಕಿಸಿಕೊಂಡರು. ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ಹಣಮಮ್ಮ ಮೊರ ಕೆಳಗಿಟ್ಟು, ದೊಡ್ಡವರಿಗೆ ಮಾಡುವ ಹಾಗೆ, ಬಗ್ಗಿ ನಮ್ಮತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಶೀರ್ವಾದ ಮಾಡಲು ನಮ್ಮತ್ತೆಗೆ ಕೈ ಬಿಡುವಿರಲಿಲ್ಲ.